ಉರುಳುವ ಭೂಪಟದ ಹಳೆಯ ವಿಮಾನದಾಟ ‘ಆಸ್ಟ್ರಾನ್’: ಸುರುಳಿಯನ್ನು ಉಳಿಸಿಕೊಂಡು ಆಡುವುದು ಹೇಗೆ?

ಪ್ರಶ್ನೆ (ನ್ಯೂಜೆರ್ಸಿಯಿಂದ)

ಎಲ್ಲರಿಗೂ ನಮಸ್ಕಾರ. ಅಮೆರಿಕದ ಪಾರ್ಕರ್ ಬ್ರದರ್ಸ್ ಸಂಸ್ಥೆ 1955ರಲ್ಲಿ ಹೊರತಂದ ‘ಆಸ್ಟ್ರಾನ್’ ಎಂಬ ವಿಮಾನಯಾನದ ಬೋರ್ಡ್ ಗೇಮ್ ಒಂದು ನನ್ನ ಕೈಗೆ ಬಂದಿದೆ. ನಮ್ಮ ಬಡಾವಣೆಯ ಹಿರಿಯ ದಂಪತಿ ಮನೆ ಖಾಲಿ ಮಾಡುವಾಗ ಮಾರಾಟಕ್ಕಿಟ್ಟಿದ್ದ ಸಾಮಾನುಗಳಲ್ಲಿ ಇದೂ ಇತ್ತು. ಹಳೆಯ ಆಟಗಳನ್ನು ಕೂಡಿಡುವ ಹವ್ಯಾಸ ನನಗೆ ಬಹುಕಾಲದಿಂದ ಇದೆ. ಆದರೆ ಇಂಥ ರಚನೆಯ ಆಟವನ್ನು ನಾನು ಕೈಯಲ್ಲಿ ಹಿಡಿದು ನೋಡಿದ್ದು ಇದೇ ಮೊದಲು.

ಇದನ್ನು ಕಾಣದವರಿಗಾಗಿ ಸ್ವಲ್ಪ ವಿವರಿಸುತ್ತೇನೆ. ನೆಲದ ಚಿತ್ರವನ್ನು ಉದ್ದನೆಯ ಕಾಗದದ ಪಟ್ಟಿಯ ಮೇಲೆ ಮುದ್ರಿಸಿ, ಅದರ ಎರಡೂ ತುದಿಗಳನ್ನು ರೋಲರ್‌ಗಳಿಗೆ ಸುತ್ತಿದ್ದಾರೆ. ಅದರ ಮೇಲೆ ಮನೆಗಳ ಗೆರೆ ಎಳೆದ ಪಾರದರ್ಶಕ ಹಾಳೆಯಿದೆ. ಪುಟ್ಟ ವಿಮಾನಗಳು, ಅಂದರೆ ಆಟದ ಕಾಯಿಗಳು, ಈ ಹಾಳೆಯ ಮೇಲೆ ನಿಲ್ಲುತ್ತವೆ. ಸುರುಳಿಯನ್ನು ತಿರುಗಿಸಿದರೆ ವಿಮಾನಗಳು ಇದ್ದಲ್ಲೇ ಇರುತ್ತವೆ, ಕೆಳಗಿನ ನೆಲ ಸರಿಯುತ್ತಾ ಹೋಗುತ್ತದೆ. ‘ಆಡುತ್ತಿದ್ದಂತೆ ಚಲಿಸುವ ಆಟ’ ಎಂಬ ಅರ್ಥದ ಘೋಷಣೆಯೊಂದಿಗೆ ಇದನ್ನು ಮಾರುತ್ತಿದ್ದರು, ಆ ಮಾತಿನಲ್ಲಿ ಉತ್ಪ್ರೇಕ್ಷೆಯೇನೂ ಇಲ್ಲ.

ನನ್ನ ಪ್ರತಿಯ ಸುರುಳಿ ಮಾತ್ರ ದುರ್ಬಲವಾಗಿದೆ. ಅಂಚುಗಳು ಕಂದು ಬಣ್ಣಕ್ಕೆ ತಿರುಗಿವೆ, ಒಂದು ಬದಿಯಲ್ಲಿ ಬೆರಳುದ್ದದ ಹರಿವುಗಳಿವೆ. ಅವುಗಳಲ್ಲಿ ಎರಡಕ್ಕೆ ಹಿಂದೆ ಯಾರೋ ಸೆಲ್ಲೋಟೇಪ್ ಹಚ್ಚಿದ್ದು, ಅದು ಈಗ ಒಣಗಿ ಚಹಾದ ಕಲೆಯಂತೆ ಕಾಣುತ್ತಿದೆ. ಒಂದು ತುದಿ ರೋಲರ್‌ನಿಂದ ಬಿಟ್ಟುಕೊಂಡಿದೆ. ಪಾರದರ್ಶಕ ಹಾಳೆ ಸ್ವಲ್ಪ ಸೊಟ್ಟಗಾಗಿದೆ. ಇದನ್ನು ಮನೆಯಲ್ಲೇ ಸರಿಪಡಿಸಬಹುದೇ? ಸರಿಪಡಿಸಿದ ಮೇಲೆ ಮಕ್ಕಳೊಂದಿಗೆ ಆಡಬಹುದೇ, ಅಥವಾ ಗಾಜಿನ ಕಪಾಟಿನಲ್ಲಿಟ್ಟು ನೋಡುವುದಷ್ಟೇ ಸರಿಯೇ? ಇದರ ಜೊತೆಗೆ ಇನ್ನೊಂದು ಮಾತೂ ನನ್ನನ್ನು ಕಾಡುತ್ತಿದೆ. ಈ ಚಲಿಸುವ ನೆಲ ಆಟಕ್ಕೆ ನಿಜವಾಗಿಯೂ ಬೇಕಾದದ್ದೇ, ಇಲ್ಲ ಅಂಗಡಿಯಲ್ಲಿ ಕಣ್ಸೆಳೆಯಲು ಜೋಡಿಸಿದ ಅಲಂಕಾರವೇ? ತಿಳಿದವರು ದಯವಿಟ್ಟು ಬರೆಯಬೇಕು.

ಮೊದಲ ಉತ್ತರ

ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ಉಳಿದ ಎರಡಕ್ಕೂ ಉತ್ತರ ಅದರ ಮೇಲೆಯೇ ನಿಂತಿದೆ. ನನ್ನ ದೃಷ್ಟಿಯಲ್ಲಿ ಚಲಿಸುವ ನೆಲವೇ ಈ ಆಟ. ಅದನ್ನು ತೆಗೆದು, ಅದೇ ಚಿತ್ರವನ್ನು ಒಂದು ರಟ್ಟಿನ ಮೇಲೆ ಅಂಟಿಸಿದರೆ, ಆ ಕಾಲದಲ್ಲಿ ರಾಶಿ ರಾಶಿಯಾಗಿ ಬಂದ ಪ್ರವಾಸದ ಆಟಗಳಲ್ಲಿ ಇದೂ ಒಂದಾಗಿ ಕರಗಿಹೋಗುತ್ತದೆ.

ಕಾರಣವನ್ನು ಹೀಗೆ ನೋಡಿ. ಚೌಕಾಬಾರದಲ್ಲಾಗಲಿ ಹಾವು-ಏಣಿಯಲ್ಲಾಗಲಿ, ನಡೆಸದೆ ಬಿಟ್ಟ ಕಾಯಿ ಇದ್ದ ಮನೆಯಲ್ಲೇ ಕೂತಿರುತ್ತದೆ. ಎಷ್ಟು ಸುತ್ತು ಕಳೆದರೂ ಅದರ ಸ್ಥಿತಿ ಬದಲಾಗುವುದು ಎದುರಾಳಿ ಬಂದು ಕಡಿದಾಗ ಮಾತ್ರ. ಆಸ್ಟ್ರಾನ್‌ನಲ್ಲಿ ಮನೆ ಬೇರೆ, ನೆಲ ಬೇರೆ. ಮನೆಗಳು ಪಾರದರ್ಶಕ ಹಾಳೆಯ ಮೇಲಿವೆ, ನೆಲ ಕೆಳಗಿನ ಕಾಗದದ ಮೇಲಿದೆ. ನೆಲ ಸರಿದಾಗ ಕಾಯಿ ಅದೇ ಮನೆಯಲ್ಲಿದ್ದರೂ ಬೇರೊಂದು ಜಾಗದ ಮೇಲಿರುತ್ತದೆ. ಒಂದೇ ಜಾಗದ ಮೇಲೆ ಉಳಿಯಬೇಕೆಂದರೆ ಮನೆ ಬದಲಿಸಲೇಬೇಕು. ಹಾರುತ್ತಿರುವ ವಿಮಾನದ ಸ್ಥಿತಿಯೂ ಇದೇ ತಾನೇ? ಅದಕ್ಕೆ ನಿಂತುಕೊಳ್ಳುವ ಅವಕಾಶವೇ ಇಲ್ಲ. ಹಾರಾಟದ ಈ ಮೂಲಗುಣವನ್ನು ನಿಯಮದ ಮಾತಿನಲ್ಲಿ ಹೇಳುವ ಬದಲು ಆಟದ ರಚನೆಯಲ್ಲೇ ತಂದಿರುವುದನ್ನು ನಾನು ಮನಸಾರೆ ಮೆಚ್ಚುತ್ತೇನೆ.

ಆಟ ಬಂದ ಹೊತ್ತನ್ನೂ ನೆನೆಯಬೇಕು. ಜಾರ್ಜ್ ಪಾರ್ಕರ್ 1883ರಲ್ಲಿ ಮ್ಯಾಸಚೂಸೆಟ್ಸ್‌ನ ಸೇಲಂನಲ್ಲಿ ಕಟ್ಟಿದ ಈ ಸಂಸ್ಥೆ 1935ರಿಂದ ‘ಮೊನೊಪಲಿ’ ಎಂಬ ಬೋರ್ಡ್ ಗೇಮನ್ನು ಮಾರುತ್ತಾ ಮನೆಮಾತಾಗಿತ್ತು, 1952ರಲ್ಲಿ ಸಂಸ್ಥಾಪಕರು ತೀರಿಕೊಂಡಿದ್ದರು. ಇತ್ತ 1953ರ ಕೊನೆಯ ತಿಂಗಳುಗಳಲ್ಲಿ ಡಿಸಿ-7 ವಿಮಾನಗಳು ಅಮೆರಿಕವನ್ನು ಕರಾವಳಿಯಿಂದ ಕರಾವಳಿಗೆ ನಡುವೆ ಎಲ್ಲೂ ಇಳಿಯದೆ ದಾಟತೊಡಗಿದ್ದವು. ಅಮೆರಿಕದ ಜೆಟ್ ಪ್ರಯಾಣಿಕ ವಿಮಾನಗಳು 1958ರ ಅಕ್ಟೋಬರ್‌ನಲ್ಲಿ ಅಟ್ಲಾಂಟಿಕ್ ದಾಟುವ ಸೇವೆಗಿಳಿದವು. ಆಸ್ಟ್ರಾನ್ ಬಂದದ್ದು ಇವೆರಡರ ನಡುವಿನ ವರ್ಷಗಳಲ್ಲಿ. ಪಿಸ್ಟನ್ ಎಂಜಿನ್ನಿನ ವಿಮಾನದಲ್ಲಿ ತಾಸುಗಟ್ಟಲೆ ಕಿಟಕಿಯ ಪಕ್ಕ ಕುಳಿತು, ಹೊಲ, ನದಿ, ಬೆಟ್ಟಗಳು ಕೆಳಗೆ ನಿಧಾನವಾಗಿ ಹಿಂದೆ ಸರಿಯುವುದನ್ನು ನೋಡುವ ಅನುಭವ ಮಧ್ಯಮವರ್ಗದ ಕುಟುಂಬಗಳಿಗೆ ಆಗ ಎಟುಕತೊಡಗಿತ್ತು. ಆ ನೋಟವನ್ನೇ ಈ ಆಟ ಊಟದ ಮೇಜಿನ ಮೇಲೆ ಹರಡಿತು.

ಹಾಗೆಂದು ಸುರುಳಿಯ ಉಪಾಯ 1955ರಲ್ಲಿ ಹೊಳೆದದ್ದೇನೂ ಅಲ್ಲ, ಅದರ ವಂಶಾವಳಿ ದೊಡ್ಡದು. 1675ರಲ್ಲಿ ಲಂಡನ್ನಿನಲ್ಲಿ ಜಾನ್ ಓಗಿಲ್ಬಿ ಪ್ರಕಟಿಸಿದ ರಸ್ತೆ ನಕ್ಷೆಗಳ ನೂರು ಫಲಕಗಳಲ್ಲಿ ಪ್ರತಿಯೊಂದು ದಾರಿಯನ್ನೂ ಬಿಚ್ಚಿದ ಸುರುಳಿಯ ಪಟ್ಟಿಗಳಂತೆ ಚಿತ್ರಿಸಲಾಗಿದೆ. ಓದುಗ ಪಟ್ಟಿಯ ಕೆಳತುದಿಯಿಂದ ಮೇಲಕ್ಕೆ ‘ಪ್ರಯಾಣ’ ಮಾಡುತ್ತಾನೆ. ಹತ್ತೊಂಬತ್ತನೆಯ ಶತಮಾನದಲ್ಲಿ ಸಭಾಂಗಣಗಳಲ್ಲಿ ಬೃಹತ್ ಚಿತ್ರಸುರುಳಿಗಳನ್ನು ಎರಡು ಕಂಬಗಳ ನಡುವೆ ಉರುಳಿಸಿ, ಪಕ್ಕದಲ್ಲಿ ನಿಂತವರು ವಿವರಣೆ ಹೇಳುತ್ತಾ ಹೋಗುವ ಪ್ರದರ್ಶನಗಳು ಬಹಳ ಜನಪ್ರಿಯವಾಗಿದ್ದವು. ಜಾನ್ ಬಾನ್‌ವರ್ಡ್ ಎಂಬ ಅಮೆರಿಕನ್ ಚಿತ್ರಕಾರ 1846ರಲ್ಲಿ ಪ್ರದರ್ಶನಕ್ಕಿಟ್ಟ ಮಿಸಿಸಿಪ್ಪಿ ನದಿಯ ಸುರುಳಿಯನ್ನು ‘ಮೂರು ಮೈಲಿಯ ಚಿತ್ರ’ ಎಂದೇ ಪ್ರಚಾರ ಮಾಡಲಾಗಿತ್ತು. ಕುಳಿತ ಪ್ರೇಕ್ಷಕನಿಗೆ ತಾನೇ ದೋಣಿಯಲ್ಲಿ ಹೋಗುತ್ತಿರುವಂತೆ ಭಾಸವಾಗಬೇಕೆಂಬುದು ಅದರ ಉದ್ದೇಶ.

ಇದೇ ಉಪಾಯ ಮಕ್ಕಳ ಪೆಟ್ಟಿಗೆಗೆ ಇಳಿದದ್ದೂ ಪಾರ್ಕರ್‌ಗಿಂತ ಮೊದಲೇ. ಮ್ಯಾಸಚೂಸೆಟ್ಸ್‌ನವರೇ ಆದ ಮಿಲ್ಟನ್ ಬ್ರಾಡ್ಲಿ 1866ರ ಹೊತ್ತಿಗೆ ‘ಮಿರಿಯಾಪ್ಟಿಕಾನ್’ ಎಂಬ ರಟ್ಟಿನ ಪುಟ್ಟ ರಂಗಮಂಟಪವನ್ನು ಮಾರಿದರು. ಅದರೊಳಗೆ ಅಮೆರಿಕದ ಅಂತರ್ಯುದ್ಧದ ದೃಶ್ಯಗಳ ಸುರುಳಿ, ಮನೆಯ ಮಕ್ಕಳೇ ಪ್ರದರ್ಶನ ನಡೆಸಲು ಓದಿಹೇಳುವ ಪಾಠ, ಟಿಕೆಟುಗಳು ಎಲ್ಲವೂ ಇದ್ದವು. ಆದರೆ ಅಲ್ಲಿ ಸುರುಳಿ ನೋಡುವ ವಸ್ತು. ಆಸ್ಟ್ರಾನ್‌ನಲ್ಲಿ ಅದು ಆಡುವ ವಸ್ತುವಾಯಿತು, ಅದರ ಮೇಲೆ ಕಾಯಿ ನಡೆಸುವಂತಾಯಿತು. ನನಗೆ ಇದು ಸಣ್ಣ ಹೆಜ್ಜೆಯಾಗಿ ತೋರುವುದಿಲ್ಲ.

ಎರಡನೆಯ ಉತ್ತರ

ನಾನು ಹಳೆಯ ಕಾಗದಗಳ ಸಂರಕ್ಷಣೆಯ ಕೆಲಸದಲ್ಲಿರುವವಳು. ಮೇಲಿನವರು ಆಟದ ಬಗ್ಗೆ ಬರೆದದ್ದನ್ನು ಖುಷಿಯಿಂದ ಓದಿದೆ, ಆದರೆ ಸುರುಳಿಯ ಬಗ್ಗೆ ನಾನು ಕೊಂಚ ಕಟ್ಟುನಿಟ್ಟಾಗಿಯೇ ಹೇಳಬೇಕಾಗಿದೆ. ದಯವಿಟ್ಟು ಸದ್ಯಕ್ಕೆ ಅದನ್ನು ತಿರುಗಿಸಬೇಡಿ. ಅಗ್ಗದ ಮರದ ತಿರುಳಿನ ಕಾಗದದಲ್ಲಿ ಲಿಗ್ನಿನ್ ಎಂಬ ಮರದ ಅಂಶ ಉಳಿದಿರುತ್ತದೆ, ವರ್ಷಗಳು ಕಳೆದಂತೆ ಆಮ್ಲ ಹುಟ್ಟುತ್ತದೆ, ನಾರುಗಳು ತುಂಡಾಗುತ್ತವೆ. ನೀವು ಕಾಣುತ್ತಿರುವ ಕಂದು ಅಂಚು ಅದರ ಮೊದಲ ಲಕ್ಷಣ. ಅಂಥ ಕಾಗದ ಸಮತಟ್ಟಾಗಿ ಮಲಗಿದ್ದರೆ ಇನ್ನೂ ಹಲವು ದಶಕ ಬಾಳುತ್ತದೆ. ತೆಳುವಾದ ರೋಲರ್‌ಗೆ ಬಿಗಿಯಾಗಿ ಸುತ್ತಿದರೆ ಪ್ರತಿ ಸುತ್ತಿನಲ್ಲೂ ಬಿರುಕು ಬಿಡುತ್ತದೆ.

ಮೊದಲ ಕೆಲಸ ಸುರುಳಿಯನ್ನು ಚೌಕಟ್ಟಿನಿಂದ ಹೊರತೆಗೆಯುವುದು. ಒಂದು ತುದಿ ಹೇಗೂ ಬಿಟ್ಟುಕೊಂಡಿದೆಯಲ್ಲ, ಆ ಕಡೆಯಿಂದ ಆರಂಭಿಸಿ. ಅಗಲವಾದ ಮೇಜಿನ ಮೇಲೆ ಬಿಳಿ ಕಾಗದ ಹಾಸಿ, ಕೈ ತೊಳೆದು ಚೆನ್ನಾಗಿ ಒರೆಸಿಕೊಂಡು, ಒಂದೊಂದು ಗೇಣಿನಷ್ಟನ್ನೇ ಬಿಚ್ಚುತ್ತಾ ಹೋಗಿ. ಬಿಚ್ಚಿದ ಭಾಗ ಮತ್ತೆ ಸುರುಳಿಕೊಳ್ಳದಂತೆ ಬಟ್ಟೆಯಲ್ಲಿ ಸುತ್ತಿದ ಹಗುರವಾದ ತೂಕಗಳನ್ನು ಇಡಿ. ಎಲ್ಲಾದರೂ ಬಿಗಿತ ಕಂಡರೆ ಅಲ್ಲೇ ನಿಲ್ಲಿಸಿ, ಎಳೆಯಬೇಡಿ. ಕಾಗದ ಬಹಳ ಗಡುಸಾಗಿದ್ದರೆ ತೇವಾಂಶ ಕೊಟ್ಟು ಮೆದುಗೊಳಿಸುವ ವಿಧಾನವಿದೆ. ಆದರೆ ಅದರಲ್ಲಿ ಬಣ್ಣ ಹರಡುವ, ಬೂಷ್ಟು ಹಿಡಿಯುವ ಅಪಾಯವಿರುವುದರಿಂದ ಮನೆಯಲ್ಲಿ ಮಾಡಬೇಡಿ ಎಂದೇ ನನ್ನ ಸಲಹೆ.

ಇನ್ನು ಹರಿವುಗಳು. ಹೊಸದಾಗಿ ಸೆಲ್ಲೋಟೇಪ್ ಹಚ್ಚುವ ಯೋಚನೆಯನ್ನೇ ಬಿಟ್ಟುಬಿಡಿ. ಅದರ ಅಂಟು ಕಾಗದದ ನಾರಿನೊಳಕ್ಕೆ ಇಳಿದು, ಮೇಲಿನ ಪ್ಲಾಸ್ಟಿಕ್ ಪಟ್ಟಿ ಉದುರಿದ ಮೇಲೂ ಕಲೆಯಾಗಿ ಉಳಿಯುತ್ತದೆ. ನಿಮ್ಮ ಪ್ರತಿಯಲ್ಲಿ ಆಗಿರುವುದೂ ಅದೇ. ನಮ್ಮ ಊರುಗಳಲ್ಲಿ ಭಿತ್ತಿಪತ್ರ ಹಚ್ಚಲು ಕಾಯಿಸುವ ಮೈದಾ ಅಂಟೂ ಇಲ್ಲಿಗೆ ಒಗ್ಗುವುದಿಲ್ಲ. ಮೈದಾದಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನ್ ಹಳದಿಗಟ್ಟುತ್ತದೆ, ಹುಳುಗಳನ್ನೂ ಕರೆಯುತ್ತದೆ. ಗ್ಲುಟೆನ್ ತೆಗೆದ ಶುದ್ಧ ಗೋಧಿ ಪಿಷ್ಟವನ್ನು ನೀರಿನಲ್ಲಿ ಕಾಯಿಸಿ, ಸೋಸಿ, ತೆಳುವಾದ ಗಂಜಿಯ ಹದಕ್ಕೆ ತಂದುಕೊಳ್ಳಬೇಕು. ಕೋಜೋ ಗಿಡದ ನಾರಿನಿಂದ ಮಾಡಿದ ತೆಳು ಜಪಾನಿ ಕಾಗದವನ್ನು ಕತ್ತರಿಸದೆ, ಒದ್ದೆ ಗೆರೆ ಎಳೆದು ಕೈಯಿಂದ ಹರಿಯಬೇಕು. ಹಾಗೆ ಹರಿದಾಗ ಅಂಚಿನಲ್ಲಿ ಹೊರಬರುವ ಎಳೆಗಳೇ ಹಿಡಿತ ಕೊಡುತ್ತವೆ, ಗಟ್ಟಿ ಅಂಚು ಮೂಡುವುದಿಲ್ಲ. ಅಂಟನ್ನು ಆದಷ್ಟು ಕಡಿಮೆ ಹಚ್ಚಿ, ಸುರುಳಿಯ ಹಿಂಬದಿಯಿಂದ ಕೂರಿಸಿ, ಮೇಲೆ ಅಂಟಿಕೊಳ್ಳದ ಪಾಲಿಯೆಸ್ಟರ್ ಬಟ್ಟೆ, ಅದರ ಮೇಲೆ ಬ್ಲಾಟಿಂಗ್ ಪೇಪರ್, ಅದರ ಮೇಲೆ ತೂಕ ಇಟ್ಟು ಪೂರ್ತಿ ಒಣಗಲು ಬಿಡಿ. ಇದಕ್ಕೆ ಮೊದಲು ಚಿತ್ರದ ಮೂಲೆಯೊಂದರಲ್ಲಿ ಒದ್ದೆ ಹತ್ತಿಯ ತುದಿಯಿಂದ ಮೆಲ್ಲಗೆ ಮುಟ್ಟಿ, ಬಣ್ಣ ಬಿಡುತ್ತದೆಯೇ ಎಂದು ನೋಡಲೇಬೇಕು. ಬಣ್ಣ ಬಿಟ್ಟರೆ ಮುಂದುವರಿಯಬೇಡಿ. ಈ ದುರಸ್ತಿಯ ದೊಡ್ಡ ಗುಣವೆಂದರೆ ಮುಂದೆ ಯಾರಾದರೂ ಬಯಸಿದರೆ ಸ್ವಲ್ಪ ತೇವದಿಂದ ಅದನ್ನು ಬಿಡಿಸಿ ತೆಗೆಯಬಹುದು.

ಹಳೆಯ ಟೇಪಿನ ಕಲೆಗಳನ್ನು ಮಾತ್ರ ನೀವು ಮುಟ್ಟಬೇಡಿ. ಅದಕ್ಕೆ ಬೇಕಾದ ದ್ರಾವಕಗಳು ಮುದ್ರಣದ ಶಾಯಿಯನ್ನೂ ಕರಗಿಸಬಲ್ಲವು. ಕಲೆ ಇದ್ದರೂ ಕಾಗದ ಉಳಿದಿದ್ದರೆ ಸಾಕು.

ಪಾರದರ್ಶಕ ಹಾಳೆಯನ್ನು ಮೂಗಿನ ಬಳಿ ಹಿಡಿದು ನೋಡಿ. ವಿನೆಗರ್ ವಾಸನೆ ಬಂದರೆ ಅದು ಸೆಲ್ಯುಲೋಸ್ ಅಸಿಟೇಟ್ ಎಂಬ ಬಗೆಯ ಪ್ಲಾಸ್ಟಿಕ್ ಎಂದೂ, ಕ್ಷಯಿಸತೊಡಗಿದೆ ಎಂದೂ ತಿಳಿಯಬೇಕು. ಸೊಟ್ಟಗಾಗುವುದೂ ಅದರ ಲಕ್ಷಣವೇ. ಅಂಥ ಹಾಳೆ ಹೊರಸೂಸುವ ಆಮ್ಲದ ಆವಿ ಪಕ್ಕದ ಕಾಗದವನ್ನೂ ಕೆಡಿಸುವುದರಿಂದ ಎರಡನ್ನೂ ಒಂದೇ ಪೆಟ್ಟಿಗೆಯಲ್ಲಿ ಮುಚ್ಚಿಡಬಾರದು. ವಾಸನೆ ಇಲ್ಲದಿದ್ದರೂ ಅಸಿಟೋನ್, ಥಿನ್ನರ್, ಸ್ಪಿರಿಟ್ ಇವು ಯಾವುದರಿಂದಲೂ ಒರೆಸಬೇಡಿ. ಕೊಳೆ ಹೋಗುವ ಮೊದಲು ಮನೆಗಳ ಗೆರೆಗಳೇ ಅಳಿಸಿಹೋಗಬಹುದು. ಹಿಂಡಿದ ಮೆತ್ತನೆಯ ಬಟ್ಟೆ ಸಾಕು, ಅದನ್ನೂ ಗೆರೆಯಿಲ್ಲದ ಬದಿಗೆ ಮಾತ್ರ.

ಆಡುವ ಆಸೆ ಇದ್ದರೆ ನಕಲು ಮಾಡಿಕೊಂಡು ಆಡಿ. ಮೂಲ ಸುರುಳಿಯನ್ನು ಆಮ್ಲರಹಿತ ಕಾಗದ ಸುತ್ತಿದ ದಪ್ಪ ಕೊಳವೆಯೊಂದಕ್ಕೆ ಸಡಿಲವಾಗಿ ಸುತ್ತಿಡಿ. ಕೊಳವೆಯ ವ್ಯಾಸ ಒಂದು ಅಂಗೈಯಷ್ಟಾದರೂ ಇರಲಿ. ಅಟ್ಟ, ನೆಲಮಾಳಿಗೆ ಎರಡೂ ಬೇಡ. ನೀವು ದಿನವೂ ವಾಸಿಸುವ ಕೋಣೆಯ ಬಿಸಿಲು ಬೀಳದ ಕಪಾಟೇ ಕಾಗದಕ್ಕೂ ಹಿತ.

ಮೂರನೆಯ ಉತ್ತರ

ಮೇಡಂ ಹೇಳಿದ ನಕಲಿನ ಮಾತಿಗೆ ನನ್ನ ಪೂರ್ಣ ಸಹಮತವಿದೆ. ಬೆಂಗಳೂರಿನಲ್ಲಿ ಮುದ್ರಣದ ಕೆಲಸ ಮಾಡುವವನಾಗಿ, ನಕಲನ್ನು ಸರಿಯಾಗಿ ಮಾಡುವುದು ಹೇಗೆಂದು ಬರೆಯುತ್ತೇನೆ. ಇದರಲ್ಲಿ ಎಡವುವ ಜಾಗಗಳು ಕೆಲವಿವೆ.

ಸುರುಳಿಯನ್ನು ತುಂಡುತುಂಡಾಗಿ ಸ್ಕ್ಯಾನ್ ಮಾಡುವಾಗ ಪ್ರತಿ ತುಂಡೂ ಹಿಂದಿನದರ ಐದನೆಯ ಒಂದು ಭಾಗವನ್ನಾದರೂ ಒಳಗೊಳ್ಳಲಿ, ಆಗ ಕಂಪ್ಯೂಟರಿನಲ್ಲಿ ಜೋಡಿಸುವುದು ಸಲೀಸು. ಹಾಳೆ ಎಳೆದುಕೊಳ್ಳುವ ಬಗೆಯ ಸ್ಕ್ಯಾನರ್ ಬಳಸಲೇಬೇಡಿ, ಗಾಜಿನ ಮೇಲೆ ಮಲಗಿಸುವಂಥದ್ದೇ ಆಗಬೇಕು. ಜೋಡಿಸಿದ ಮೇಲೆ ಮೂಲದ ಒಟ್ಟು ಉದ್ದ ಮತ್ತು ಅಗಲದೊಂದಿಗೆ ಅಳತೆ ತಾಳೆ ನೋಡಿ. ಪ್ರತಿ ತುಂಡಿನಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ ಬಂದರೂ, ಉದ್ದಕ್ಕೆ ಸೇರಿಕೊಂಡು ಕೊನೆಗೆ ನೆಲದ ಚಿತ್ರ ಮೇಲಿನ ಮನೆಗಳಿಗೆ ಹೊಂದದೆ ಹೋಗುತ್ತದೆ.

ಕಾಗದ 100ರಿಂದ 120 ಜಿಎಸ್‌ಎಂ (ಒಂದು ಚದರ ಮೀಟರಿನ ತೂಕ, ಗ್ರಾಂಗಳಲ್ಲಿ) ಇದ್ದರೆ ಸಾಕು. ದಪ್ಪ ಕಾಗದ ಬಾಳಿಕೆ ಬರುತ್ತದೆ ಎಂದು ಹೆಚ್ಚಿಗೆ ಹೋದರೆ ರೋಲರ್‌ಗೆ ಸುತ್ತಿಕೊಳ್ಳದೆ ಸೆಟೆದು ನಿಲ್ಲುತ್ತದೆ. ಅದಕ್ಕಿಂತ ಮುಖ್ಯವಾದದ್ದು ಗ್ರೇನ್, ಅಂದರೆ ನಾರುಗಳು ಮಲಗಿರುವ ದಿಕ್ಕು. ಅದು ರೋಲರ್‌ನ ಉದ್ದಕ್ಕೆ ಸಮಾನಾಂತರವಾಗಿರಬೇಕು. ಒಂದು ಚೂರನ್ನು ಎರಡೂ ದಿಕ್ಕಿಗೆ ಬಾಗಿಸಿ ನೋಡಿ, ಯಾವ ಕಡೆ ಸುಲಭವಾಗಿ ಬಾಗುತ್ತದೆಯೋ ಆ ಕಡೆಗೇ ಸುರುಳಿ ಸುತ್ತಬೇಕು. ಮುದ್ರಣದ ಅಂಗಡಿಯಲ್ಲಿ ರೋಲ್ ಕಾಗದ ಕೊಟ್ಟರೆ ಗ್ರೇನ್ ಸಾಮಾನ್ಯವಾಗಿ ಉದ್ದಕ್ಕೇ ಇರುತ್ತದೆ, ಅಂದರೆ ನಮಗೆ ಬೇಡದ ದಿಕ್ಕಿಗೆ. ಆಗ ಇನ್ನೂ ತೆಳುವಾದ ಕಾಗದವನ್ನು ಆರಿಸಿಕೊಳ್ಳುವುದು, ಇಲ್ಲವೇ ಹಾಳೆಗಳಲ್ಲಿ ಮುದ್ರಿಸಿ ಹಿಂಬದಿಯಿಂದ ಜೋಡಿಸುವುದು ಒಳ್ಳೆಯದು.

ಸುರುಳಿಯ ಯಂತ್ರದಲ್ಲೇ ಒಂದು ಸಹಜ ತೊಡಕಿದೆ. ರೋಲರ್ ಒಂದು ಸುತ್ತು ತಿರುಗಿದರೆ ಕಾಗದ ಪ್ರತಿ ಸಲವೂ ಒಂದೇ ಉದ್ದ ಸರಿಯುವುದಿಲ್ಲ. ಬರಿಯ ರೋಲರ್‌ನ ವ್ಯಾಸ 2 ಸೆಂಟಿಮೀಟರ್ ಇದೆ ಎಂದುಕೊಳ್ಳಿ, ಒಂದು ಸುತ್ತಿಗೆ ಸುಮಾರು 6.3 ಸೆಂಟಿಮೀಟರ್ ಕಾಗದ ಸರಿಯುತ್ತದೆ. ಕಾಗದ ಸುತ್ತಿಕೊಂಡು ವ್ಯಾಸ 3 ಸೆಂಟಿಮೀಟರ್ ಆದಾಗ ಅದೇ ಒಂದು ಸುತ್ತಿಗೆ 9.4 ಸೆಂಟಿಮೀಟರ್ ಸರಿಯುತ್ತದೆ. ಆದ್ದರಿಂದ ಸುತ್ತು ಎಣಿಸಿ ನೆಲ ಸರಿಸಲು ಹೋಗಬೇಡಿ. ಚಿತ್ರದ ಗುರುತು ಮೇಲಿನ ಗೆರೆಗೆ ಬಂದು ಕೂಡುವುದನ್ನು ಕಣ್ಣಿನಿಂದ ನೋಡಿಯೇ ನಿಲ್ಲಿಸಬೇಕು. ಇನ್ನು, ಕಾಗದದ ತುದಿಯನ್ನು ರೋಲರ್‌ಗೆ ಅಂಟಿಸುವಾಗ ಸ್ವಲ್ಪ ಓರೆಯಾದರೂ ಪ್ರತಿ ಸುತ್ತಿನಲ್ಲೂ ಒಂದೇ ಬದಿಗೆ ಜರುಗುತ್ತಾ ಹೋಗಿ ಅಂಚು ಚೌಕಟ್ಟಿಗೆ ಉಜ್ಜುತ್ತದೆ. ನಿಮ್ಮ ಪ್ರತಿಯಲ್ಲಿ ಒಂದೇ ಬದಿಯಲ್ಲಿ ಹರಿವುಗಳಿವೆ ಎಂದಿರಿ, ಅದಕ್ಕೆ ಇದೇ ಕಾರಣವಾಗಿರುವ ಸಂಭವ ಹೆಚ್ಚು. ಹೊಸ ಸುರುಳಿ ಹಾಕುವ ಮುನ್ನ ಎರಡೂ ರೋಲರ್‌ಗಳು ಒಂದಕ್ಕೊಂದು ಸಮಾನಾಂತರವಾಗಿವೆಯೇ ಎಂದು ಸ್ಕೇಲ್ ಹಿಡಿದು ನೋಡಿ.

ಮೊದಲ ಉತ್ತರ ಬರೆದವರ ವಾದಕ್ಕೆ ನಾನೂ ಒಂದು ಮಾತು ಸೇರಿಸಬಯಸುತ್ತೇನೆ. 1982ರಲ್ಲಿ ಕ್ಯಾರಲ್ ಶಾ ಅವರು ಆಕ್ಟಿವಿಷನ್ ಸಂಸ್ಥೆಗಾಗಿ ರೂಪಿಸಿದ ‘ರಿವರ್ ರೇಡ್’ ವಿಡಿಯೋ ಆಟವನ್ನು ನಮ್ಮ ತಲೆಮಾರಿನವರು ಅನೇಕರು ಬಲ್ಲರು. ಅದರಲ್ಲಿ ವಿಮಾನ ಪರದೆಯ ಕೆಳಭಾಗದಲ್ಲೇ ಇರುತ್ತದೆ, ನದಿ ಮೇಲಿನಿಂದ ಕೆಳಕ್ಕೆ ಹರಿದು ಬರುತ್ತದೆ. ಚೌಕಟ್ಟು ಸ್ಥಿರ, ನೆಲ ಚಲ. ಆಸ್ಟ್ರಾನ್ ಇದನ್ನು 27 ವರ್ಷ ಮೊದಲೇ ಕಾಗದ ಮತ್ತು ರೋಲರ್‌ಗಳಿಂದ ಮಾಡಿ ತೋರಿಸಿತ್ತು. ಅದನ್ನು ನೋಡಿ ಇದು ಬಂತೆಂದು ನಾನು ಹೇಳುತ್ತಿಲ್ಲ, ಹಾರಾಟವನ್ನು ಆಟವಾಗಿಸಲು ಹೊರಟ ಇಬ್ಬರಿಗೂ ಒಂದೇ ದಾರಿ ಸಿಕ್ಕಿತು.

ಪ್ರಶ್ನೆ ಕೇಳಿದವರು

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಪಾರದರ್ಶಕ ಹಾಳೆಯಲ್ಲಿ ವಿನೆಗರ್ ವಾಸನೆ ಇಲ್ಲ, ಅದರಿಂದ ನಿರಾಳವಾಯಿತು. ರೋಲರ್‌ಗಳನ್ನು ಅಳೆದು ನೋಡಿದರೆ ಒಂದು ತುದಿಯಲ್ಲಿ ಅಂತರ ನಿಜಕ್ಕೂ ಕಡಿಮೆಯಿದೆ, ಹರಿವುಗಳಿರುವುದೂ ಆ ಬದಿಯಲ್ಲೇ. ಮೂಲವನ್ನು ತೆಗೆದಿಟ್ಟು ನಕಲಿನೊಂದಿಗೆ ಆಡುವುದೆಂದು ನಿರ್ಧರಿಸಿದ್ದೇನೆ. ಇನ್ನೆರಡು ಸಂದೇಹಗಳಿವೆ. ಇಂಥ ನಕಲು ಮಾಡಿಕೊಳ್ಳುವುದರಲ್ಲಿ ಹಕ್ಕುಸ್ವಾಮ್ಯದ ಅಡ್ಡಿಯೇನಾದರೂ ಇದೆಯೇ? ಮತ್ತು ನೆಲವೇ ಚಲಿಸುವ ಬೇರೆ ಆಟಗಳು ಇದ್ದರೆ ಹೆಸರಿಸುವಿರಾ? ಮಕ್ಕಳಿಗೆ ಈ ಜಾತಿಯ ಆಟಗಳನ್ನು ಒಂದೊಂದಾಗಿ ತೋರಿಸುವ ಆಸೆಯಿದೆ.

ಮೊದಲ ಉತ್ತರ ಬರೆದವರು

ಅಮೆರಿಕದ ಕಾನೂನಿನಲ್ಲಿ ಆಟ ಆಡುವ ವಿಧಾನಕ್ಕೆ ಹಕ್ಕುಸ್ವಾಮ್ಯ ಸಿಗುವುದಿಲ್ಲ, ಚಿತ್ರ ಮತ್ತು ಬರಹಕ್ಕೆ ಸಿಗುತ್ತದೆ. 1964ಕ್ಕೆ ಮೊದಲು ಅಲ್ಲಿ ಪ್ರಕಟವಾದ ಕೃತಿಗಳ ಹಕ್ಕನ್ನು 28ನೆಯ ವರ್ಷದಲ್ಲಿ ನವೀಕರಿಸಬೇಕಿತ್ತು, ನವೀಕರಿಸದಿದ್ದರೆ ಅದು ಮುಗಿದುಹೋಗುತ್ತಿತ್ತು. ಆದ್ದರಿಂದ 1983ರ ಆಸುಪಾಸಿನ ನವೀಕರಣ ದಾಖಲೆಗಳನ್ನು ಹುಡುಕಿದರೆ ಆಸ್ಟ್ರಾನ್‌ನ ಸ್ಥಿತಿ ತಿಳಿಯುತ್ತದೆ. ಪಾರ್ಕರ್ ಬ್ರದರ್ಸ್ 1991ರಿಂದ ಹ್ಯಾಸ್‌ಬ್ರೋ ಸಂಸ್ಥೆಯ ಕೈಯಲ್ಲಿದೆ ಎಂಬುದೂ ಗಮನದಲ್ಲಿರಲಿ. ಹರಿಯುತ್ತಿರುವ ಮೂಲವನ್ನು ಉಳಿಸಲು ಮನೆಯ ಮಟ್ಟಿಗೆ ಒಂದು ನಕಲು ಮಾಡಿಕೊಳ್ಳುವುದು ಒಂದು ಮಾತು, ಆ ಚಿತ್ರಗಳನ್ನು ಜಾಲದಲ್ಲಿ ಹಂಚುವುದು ಅಥವಾ ಮುದ್ರಿಸಿ ಮಾರುವುದು ಇನ್ನೊಂದು ಮಾತು. ಎರಡನೆಯದಕ್ಕೆ ಕೈಹಾಕುವ ಮುನ್ನ ದಾಖಲೆ ನೋಡಲೇಬೇಕು.

ಬೇರೆ ಆಟಗಳಲ್ಲಿ ನನಗೆ ಮೊದಲು ನೆನಪಾಗುವುದು ಐಡಿಯಲ್ ಸಂಸ್ಥೆ 1976ರಲ್ಲಿ ತಂದ ಟೈಟಾನಿಕ್ ಮುಳುಗುವ ಆಟ. ಅದರಲ್ಲಿ ಹಡಗಿನ ಚಿತ್ರವಿರುವ ಭಾಗವೇ ತಿರುಗುತ್ತಾ ನೀರಿನೊಳಕ್ಕೆ ಇಳಿಯುತ್ತದೆ, ಕಾಯಿ ನಡೆಸಬಹುದಾದ ಮನೆಗಳು ಸುತ್ತಿನಿಂದ ಸುತ್ತಿಗೆ ಕಡಿಮೆಯಾಗುತ್ತವೆ. ದುರಂತವನ್ನು ಆಟವಾಗಿಸುವುದು ಎಷ್ಟು ಸರಿ ಎಂಬ ಪ್ರಶ್ನೆ ಬೇರೆ. ಮಕ್ಕಳು ಚಿಕ್ಕವರಿದ್ದರೆ ನಾನಂತೂ ಅದನ್ನು ಮುಂದಕ್ಕೆ ಹಾಕುತ್ತೇನೆ. 1986ರಲ್ಲಿ ಜರ್ಮನಿಯ ರಾವೆನ್ಸ್‌ಬರ್ಗರ್ ಪ್ರಕಟಿಸಿದ, ಮಾಕ್ಸ್ ಕೋಬರ್ಟ್ ರೂಪಿಸಿದ ‘ಲ್ಯಾಬಿರಿಂತ್’ ಈಗಲೂ ಅಂಗಡಿಗಳಲ್ಲಿ ಸಿಗುತ್ತದೆ. ಅದರಲ್ಲಿ ಬಿಡಿ ಬಿಲ್ಲೆಯೊಂದನ್ನು ಬದಿಯಿಂದ ತಳ್ಳಿದರೆ ಇಡೀ ಸಾಲು ಸರಿದು ದಾರಿಗಳು ಬದಲಾಗುತ್ತವೆ. ಪ್ರಯಾಣದ ಭಾವಕ್ಕೆ ಹೆಚ್ಚು ಹತ್ತಿರವಿರುವುದು 2005ರಲ್ಲಿ ಜರ್ಮನಿಯ ‘ವರ್ಷದ ಆಟ’ ಪ್ರಶಸ್ತಿ ಪಡೆದ ‘ನಯಾಗರ’. ಪಾರದರ್ಶಕ ಬಿಲ್ಲೆಗಳ ನದಿ ಸುತ್ತುಸುತ್ತಿಗೂ ಮುಂದೆ ಸರಿದು, ಎಚ್ಚರ ತಪ್ಪಿದ ದೋಣಿಯನ್ನು ಜಲಪಾತಕ್ಕೆ ಕೆಡವುತ್ತದೆ. ಆಸ್ಟ್ರಾನ್ ಆಡಿದ ಮೇಲೆ ಇದನ್ನು ಆಡಿಸಿ. ಎರಡರಲ್ಲೂ ನೆಲ ಆಟಗಾರನಿಗಾಗಿ ಕಾಯುವುದಿಲ್ಲ ಎಂಬುದನ್ನು ಮಕ್ಕಳು ತಾವಾಗಿಯೇ ಗುರುತಿಸುತ್ತಾರೆ.

ಎರಡನೆಯ ಉತ್ತರ ಬರೆದವರು

ರೋಲರ್‌ನ ಅಂತರ ಕಡಿಮೆಯಿದೆ ಎಂದಿರಲ್ಲ, ಅದನ್ನು ಸರಿಪಡಿಸಲು ಮೂಲ ಚೌಕಟ್ಟನ್ನು ಉಜ್ಜುವುದಾಗಲಿ ಕೊರೆಯುವುದಾಗಲಿ ಮಾಡಬೇಡಿ. ತುದಿಯಲ್ಲಿ ರಟ್ಟಿನ ಚಿಕ್ಕ ಚೂರನ್ನು ಅಂಟಿಲ್ಲದೆ ತುರುಕಿದರೆ ಸಾಕಾಗುತ್ತದೆ, ಬೇಡವೆನಿಸಿದಾಗ ತೆಗೆಯಲೂಬಹುದು. ಸ್ಕ್ಯಾನ್ ಮಾಡುವ ದಿನ ಸುರುಳಿಯ ಹಿಂಬದಿಯನ್ನೂ ಗಮನಿಸಿ. ಹಿಂದಿನ ಮಾಲೀಕರ ಮಕ್ಕಳು ಪೆನ್ಸಿಲಿನಲ್ಲಿ ಅಂಕ ಬರೆದಿಟ್ಟಿದ್ದರೆ ಅದನ್ನು ಅಳಿಸದೆ ಆ ಬದಿಯನ್ನೂ ಸ್ಕ್ಯಾನ್ ಮಾಡಿಕೊಳ್ಳಿ, ಜಪಾನಿ ಕಾಗದದ ತೇಪೆಗಳನ್ನು ಅದಾದ ಮೇಲೆ ಹಾಕಿ.